ಊರವರೇ ಸೇರಿ ಐತಿಹಾಸಿಕ ಮನೆಯೊಂದನ್ನು ಉಳಿಸಿಕೊಳ್ಳುವ ಬಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಹಳೆಯ ಮನೆಯೊಂದನ್ನು ಉಳಿಸಬೇಕೆಂದು ಹತ್ತು ಜನ ಒಟ್ಟಾದಾಗ ಎಲ್ಲರ ಗಮನ ಮೊದಲು ಹೋಗುವುದು ಕಣ್ಣಿಗೆ ಕಾಣುವ ಕೆಲಸದ ಕಡೆಗೆ. ಮುಂಭಾಗಕ್ಕೆ ಬಣ್ಣ ಬಳಿಯೋಣ, ಮುರಿದ ಕಿಟಕಿಗಳನ್ನು ಬದಲಿಸೋಣ, ಒಂದು ಫಲಕ ಹಾಕೋಣ ಎಂಬ ಮಾತುಗಳು ಮೊದಲ ಸಭೆಯಲ್ಲೇ ಬರುತ್ತವೆ. ಉತ್ಸಾಹ ಒಳ್ಳೆಯದೇ, ಆದರೆ ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಮನೆಯೂ ಹಾಳಾಗುತ್ತದೆ. ಸೋರುವ ಮಾಡಿನ ಕೆಳಗಿನ ಗೋಡೆಗೆ ಬಳಿದ ಬಣ್ಣ ಒಂದೇ ಮಳೆಗಾಲದಲ್ಲಿ ಹೊಪ್ಪಳೆ ಏಳುತ್ತದೆ, ಮತ್ತು ಅದನ್ನು ಕಂಡ ದಾನಿಗಳು ಎರಡನೆಯ ಸಲ ಹಣ ಕೊಡಲು ಹಿಂಜರಿಯುತ್ತಾರೆ. ಈ ಲೇಖನದಲ್ಲಿ ಹೆಚ್ಚಿನ ಗಮನ ಕೊಟ್ಟಿರುವುದು ಅದಕ್ಕಾಗಿಯೇ ಕೆಲಸಗಳ ಸರದಿಗೆ.

ಹಕ್ಕು ಮತ್ತು ಹೊಣೆ

ಮೊದಲ ಹೆಜ್ಜೆ ಕಾಗದಪತ್ರದ್ದು. ಮನೆ ಯಾರ ಹೆಸರಿನಲ್ಲಿದೆ, ಎಷ್ಟು ಜನ ವಾರಸುದಾರರಿದ್ದಾರೆ, ಸಾಲದ ಅಡಮಾನವೋ ನ್ಯಾಯಾಲಯದ ವ್ಯಾಜ್ಯವೋ ಇದೆಯೇ, ಕಟ್ಟಡಕ್ಕೆ ಕಾನೂನಿನ ಸಂರಕ್ಷಣೆ ಸಿಕ್ಕಿದೆಯೇ ಎಂಬುದನ್ನು ಬಲ್ಲ ವಕೀಲರಿಂದ ಪರಿಶೀಲಿಸಿಕೊಳ್ಳದೆ, ಮುಂದೆ ಹೇಳುವ ತುರ್ತು ರಕ್ಷಣೆಯ ಹೊರತು, ಒಂದು ಹೆಂಚನ್ನೂ ಕದಲಿಸಬಾರದು. ಸಂರಕ್ಷಿತ ಕಟ್ಟಡವಾಗಿದ್ದರೆ ಸಣ್ಣ ದುರಸ್ತಿಗೂ ಅನುಮತಿ ಬೇಕಾಗಬಹುದು.

ಸಮುದಾಯಕ್ಕೆ ಮನೆಯ ಮೇಲೆ ಹಿಡಿತ ಸಿಗುವ ದಾರಿಗಳು ಮುಖ್ಯವಾಗಿ ಮೂರು. ಮನೆಯನ್ನು ಕೊಂಡುಕೊಳ್ಳುವುದು ಒಂದು, ದೀರ್ಘಾವಧಿಯ ಗುತ್ತಿಗೆಗೆ ಪಡೆಯುವುದು ಇನ್ನೊಂದು. ಮೂರನೆಯದು, ಮಾಲೀಕತ್ವ ಮನೆಯವರಲ್ಲೇ ಇದ್ದು, ಕಟ್ಟಡವನ್ನು ಕೆಡವುವುದಿಲ್ಲ, ಸ್ವರೂಪ ಬದಲಿಸುವುದಿಲ್ಲ ಎಂಬ ಷರತ್ತುಳ್ಳ ಕರಾರನ್ನು ನೋಂದಾಯಿಸುವುದು. ಮೂರನೆಯ ದಾರಿ ಬಹಳ ಕಡೆ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ಮನೆಯಲ್ಲಿ ಇನ್ನೂ ಜನ ವಾಸವಾಗಿದ್ದರೆ ಅದೇ ಎಲ್ಲಕ್ಕಿಂತ ಸೂಕ್ತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಜನ ಬಾಳುತ್ತಿರುವ ಮನೆಯಲ್ಲಿ ಸೋರಿಕೆ ಅಂದೇ ಗೊತ್ತಾಗುತ್ತದೆ, ಬೀಗ ಹಾಕಿದ ಮನೆಯಲ್ಲಿ ಅದು ತಿಳಿಯುವ ಹೊತ್ತಿಗೆ ತೊಲೆ ಕೊಳೆತಿರುತ್ತದೆ. ಎರಡು ಮೂರು ವರ್ಷದ ಗುತ್ತಿಗೆಯನ್ನು ನಂಬಿ ದೊಡ್ಡ ಮೊತ್ತ ಸುರಿಯುವುದು ಮಾತ್ರ ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಹಣ ಸಂಗ್ರಹಿಸುವ ಮೊದಲೇ ಸಂಘವನ್ನೋ ಟ್ರಸ್ಟನ್ನೋ ನೋಂದಾಯಿಸಿ, ಅದರ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಕನಿಷ್ಠ ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದಂತೆ ಮಾಡಿಕೊಳ್ಳಬೇಕು. ಸಮಿತಿಯ ಸದಸ್ಯರು ಅಥವಾ ಅವರ ಹತ್ತಿರದ ಸಂಬಂಧಿಕರು ಅದೇ ಮನೆಯ ಕಾಮಗಾರಿಯ ಗುತ್ತಿಗೆ ಹಿಡಿಯುವಂತಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಬರೆದಿಡುವುದು ಒಳಿತು. ಯಾರ ಮೇಲೂ ಅನುಮಾನವಿಲ್ಲದ ಹೊತ್ತಿನಲ್ಲಿ ಬರೆದ ನಿಯಮ ಯಾರಿಗೂ ಚುಚ್ಚುವುದಿಲ್ಲ.

ಸಾಮಾನ್ಯ ಜನರ ಕೂಟವೊಂದು ಇಂಥ ಕೆಲಸವನ್ನು ದಡ ಮುಟ್ಟಿಸಬಲ್ಲದೇ ಎಂಬ ಸಂಶಯ ಇದ್ದವರಿಗೆ ಅಮೆರಿಕದ ಮೌಂಟ್ ವರ್ನನ್ ಒಳ್ಳೆಯ ಉತ್ತರ. ಜಾರ್ಜ್ ವಾಷಿಂಗ್ಟನ್ ಬಾಳಿದ ಆ ಮನೆ 1850ರ ದಶಕದಲ್ಲಿ ಎಷ್ಟು ಶಿಥಿಲವಾಗಿತ್ತೆಂದರೆ ಅದರ ಮೊಗಸಾಲೆಯ ಮಾಡಿಗೆ ಹಡಗಿನ ಕಂಬಗಳನ್ನು ಆಸರೆ ಕೊಟ್ಟು ನಿಲ್ಲಿಸಲಾಗಿತ್ತು. 1853ರಲ್ಲಿ ಆ್ಯನ್ ಪಮೇಲಾ ಕನಿಂಗ್‌ಹ್ಯಾಮ್ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ಸಂಘವು ರಾಜ್ಯರಾಜ್ಯಗಳಲ್ಲಿ ದೇಣಿಗೆ ಎತ್ತಿ, 1858ರಲ್ಲಿ ಎರಡು ಲಕ್ಷ ಡಾಲರಿಗೆ ಖರೀದಿಯ ಕರಾರು ಮಾಡಿಕೊಂಡು, 1860ರಲ್ಲಿ ಮನೆಯನ್ನು ತನ್ನ ವಶಕ್ಕೆ ಪಡೆಯಿತು. ಇಂದಿಗೂ ಆ ಮನೆಯ ಒಡೆತನ ಅದೇ ಸಂಘದ್ದು. ಐತಿಹಾಸಿಕ ತಾಣಗಳನ್ನು ಕಾಪಾಡುವ ಇಂಗ್ಲೆಂಡಿನ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಕೊಂಡ ಮೊಟ್ಟಮೊದಲ ಕಟ್ಟಡ ಆಲ್ಫ್ರಿಸ್ಟನ್ ಎಂಬ ಹಳ್ಳಿಯ ಪಾದ್ರಿಯ ಮನೆ, ಅದಕ್ಕೆ ಕೊಟ್ಟ ಬೆಲೆ ಕೇವಲ 10 ಪೌಂಡ್. ಖರೀದಿ ಅಗ್ಗವಾಗಿತ್ತು, ದುರಸ್ತಿ ಅಗ್ಗವಾಗಿರಲಿಲ್ಲ. ಬೆಲೆ ಕಡಿಮೆಯೆಂದು ಹಳೆಯ ಮನೆಗೆ ಕೈಹಾಕುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತುರ್ತಾಗಿ ನೀರನ್ನು ತಡೆಯುವುದು

ಕಾಗದಪತ್ರ ಸರಿಹೋಗುವವರೆಗೆ ಮನೆ ಕಾಯುವುದಿಲ್ಲ. ಆದ್ದರಿಂದ ಮಾಲೀಕರ ಲಿಖಿತ ಒಪ್ಪಿಗೆ ಸಿಕ್ಕ ಕೂಡಲೇ ತಾತ್ಕಾಲಿಕ ರಕ್ಷಣೆಗೆ ಇಳಿಯಬೇಕು. ನೀರಿನ ಪ್ರಮಾಣವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರ್ ವಿಸ್ತಾರದ ಮಾಡಿನ ಮೇಲೆ ಒಂದು ದಿನ 50 ಮಿಲಿಮೀಟರ್ ಮಳೆಯಾದರೆ 5,000 ಲೀಟರ್ ನೀರು ಕೆಳಗೆ ಇಳಿಯಲೇಬೇಕು, ಮತ್ತು ಸೂರಿನ ದೋಣಿಯಲ್ಲಿ ತರಗೆಲೆ ತುಂಬಿಕೊಂಡಿದ್ದರೆ ಅದರಲ್ಲಿ ಬಹುಪಾಲು ಗೋಡೆಯ ತಲೆಯ ಮೇಲೆಯೋ ಬುಡದಲ್ಲಿಯೋ ಇಳಿಯುತ್ತದೆ.

ಹಾಗಾಗಿ ಮೊದಲ ಕೆಲಸಗಳು ಬಹಳ ಸಾಧಾರಣವಾದವು. ಜಾರಿದ ಹೆಂಚುಗಳನ್ನು ಸ್ವಸ್ಥಾನಕ್ಕೆ ತರಬೇಕು, ತೆರೆದ ಭಾಗಕ್ಕೆ ಗಟ್ಟಿಯಾದ ಟಾರ್ಪಾಲು ಹೊದಿಸಿ ಗಾಳಿಗೆ ಹಾರದಂತೆ ಕಟ್ಟಬೇಕು, ದೋಣಿ ಮತ್ತು ಕೊಳವೆಗಳನ್ನು ಶುಚಿ ಮಾಡಬೇಕು, ಗೋಡೆಯ ಬುಡಕ್ಕೆ ಆನಿಸಿ ರಾಶಿಬಿದ್ದ ಮಣ್ಣನ್ನು ತೆಗೆದು ನೀರು ಹೊರಮುಖವಾಗಿ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಬೇಕು. ಗೋಡೆಯಲ್ಲಿ ಬೇರುಬಿಟ್ಟ ಗಿಡಗಳನ್ನು ಕಂಡ ಕೂಡಲೇ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಗಾರೆಯೂ ಕಿತ್ತು ಬರುತ್ತವೆ. ಬುಡಕ್ಕೆ ಕತ್ತರಿಸಿ, ಬೇರು ಸತ್ತು ಒಣಗಿದ ಮೇಲೆ ಬಿಡಿಸಿ, ಸಂದನ್ನು ತುಂಬುವುದು ಸರಿಯಾದ ಕ್ರಮ. ವಾಲಿದ ಗೋಡೆ, ಬಾಗಿದ ತೊಲೆಗಳಿಗೆ ಎಂಜಿನಿಯರ್ ಹೇಳಿದ ಕಡೆ ಊರುಗಂಬ ಕೊಡಬೇಕು. ಟಾರ್ಪಾಲು ಹೊದಿಸುವ ಭರದಲ್ಲಿ ಗಾಳಿಯಾಡುವ ಕಿಂಡಿಗಳನ್ನೆಲ್ಲ ಮುಚ್ಚಿಬಿಡುವವರಿದ್ದಾರೆ, ಆಗ ಒಳಗಿನ ತೇವ ಒಳಗೇ ಉಳಿದು ಬೂಷ್ಟಿಗೆ ಅನುಕೂಲವಾಗುತ್ತದೆ.

ಮುಟ್ಟುವ ಮೊದಲು ದಾಖಲಿಸುವುದು

ಮನೆಯ ಯಾವ ಭಾಗವನ್ನೂ ಬಿಚ್ಚುವ ಮೊದಲು ಅದು ಇದ್ದ ಸ್ಥಿತಿ ಕಾಗದದ ಮೇಲೆ ಉಳಿಯಬೇಕು. ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ 1933ರಲ್ಲಿ ಕೆಲಸವಿಲ್ಲದ ವಾಸ್ತುಶಿಲ್ಪಿಗಳಿಗೆ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ತೆಗೆಯುವ ಕೆಲಸ ಕೊಟ್ಟಿತು. ಆ ನಕ್ಷೆಗಳಲ್ಲಿರುವ ಎಷ್ಟೋ ಕಟ್ಟಡಗಳು ಈಗ ಇಲ್ಲ, ನಕ್ಷೆಗಳು ಮಾತ್ರ ಉಳಿದಿವೆ. ದಾಖಲೆಯ ಕೆಲಸಕ್ಕೆ ಊರಿನ ಉತ್ಸಾಹಿಗಳೇ ಸಾಕು, ಒಬ್ಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆ ಇದ್ದರೆ ಆಯಿತು.

ಪ್ರತಿ ಕೋಣೆಗೂ ಒಂದು ಸಂಖ್ಯೆ, ಪ್ರತಿ ಬಾಗಿಲು ಕಿಟಕಿಗೂ ಒಂದು ಸಂಖ್ಯೆ ಕೊಟ್ಟು, ನಾಲ್ಕೂ ಗೋಡೆ, ನೆಲ, ಮೇಲ್ಛಾವಣಿಗಳ ಚಿತ್ರಗಳನ್ನು ಅಳತೆಪಟ್ಟಿ ಕಾಣುವಂತೆ ತೆಗೆಯಬೇಕು. 1:50ರ ಪ್ರಮಾಣದಲ್ಲಿ ತಳವಿನ್ಯಾಸವನ್ನೂ, ಅಡ್ಡಸೀಳು ನಕ್ಷೆಯನ್ನೂ ಬರೆಸಬೇಕು. ಮನೆಯಲ್ಲಿ ಬೆಳೆದವರು, ಅಲ್ಲಿ ದುಡಿದವರು, ಹಿಂದೆ ದುರಸ್ತಿ ಮಾಡಿದ ಕುಶಲಕರ್ಮಿಗಳು ಬದುಕಿದ್ದರೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದನ್ನು ಮುಂದೂಡಬಾರದು. ಹಳೆಯ ಕುಟುಂಬ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಒಂದು ಕಂಬವೋ ಕಟಾಂಜನವೋ ಮುಂದೆ ದೊಡ್ಡ ವಾದವನ್ನೇ ಬಗೆಹರಿಸಬಲ್ಲದು.

ಬಿರುಕುಗಳ ವಿಷಯದಲ್ಲಿ ಆತುರ ಕೂಡದು. ಬಿರುಕು ಕಂಡ ಕೂಡಲೇ ಸಿಮೆಂಟು ಮೆತ್ತಿದರೆ ಅದು ಬೆಳೆಯುತ್ತಿದೆಯೋ ಹಳೆಯದಾಗಿ ನಿಂತಿದೆಯೋ ಎಂಬುದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಒಂದು ಗಾಜಿನ ಪಟ್ಟಿಯನ್ನು ಇಟ್ಟು, ಅದರ ಎರಡೂ ತುದಿಗಳನ್ನು ಗಾರೆಯ ಉಂಡೆಯಿಂದ ಗೋಡೆಗೆ ಬಿಗಿದು, ಪಕ್ಕದಲ್ಲಿ ಅಂದಿನ ದಿನಾಂಕ ಬರೆಯುತ್ತಾರೆ. ಗೋಡೆ ಕದಲಿದರೆ ಗಾಜು ಟಕ್ಕೆಂದು ಸೀಳುತ್ತದೆ, ಕದಲದಿದ್ದರೆ ಹಾಗೆಯೇ ಇರುತ್ತದೆ. ಮಳೆ, ಬೇಸಿಗೆ ಎರಡನ್ನೂ ಒಳಗೊಂಡ ಒಂದು ಪೂರ್ಣ ವರ್ಷ ನೋಡಿದರೆ ಉತ್ತಮ, ಏಕೆಂದರೆ ಕೆಲವು ನೆಲಗಳು ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುತ್ತವೆ. ಅಪಾಯದ ಸೂಚನೆ ಇದ್ದರೆ ಮಾತ್ರ ವರ್ಷ ಕಾಯದೆ ಎಂಜಿನಿಯರನ್ನು ಕರೆಸಬೇಕು. ಅವರು ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದವರಾಗಿರಬೇಕು. ಕಾಂಕ್ರೀಟು ಮಾತ್ರ ಬಲ್ಲವರು ಸುಣ್ಣ, ಮಣ್ಣು, ಮರದ ಕಟ್ಟಡವನ್ನು ಕಂಡರೆ ಕೆಡವಲು ಹೇಳುವುದೇ ಹೆಚ್ಚು.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಸಮಿತಿಗಳು ಹೆಚ್ಚು ಜಗಳವಾಡುವುದು ಹಣದ ಬಗ್ಗೆಯಲ್ಲ, ಈ ಪ್ರಶ್ನೆಯ ಬಗ್ಗೆ: ಮನೆಯನ್ನು ಯಾವ ಕಾಲದ ರೂಪಕ್ಕೆ ತರಬೇಕು? ಕಟ್ಟಿದ ದಿನದ ರೂಪಕ್ಕೆ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಲು ಹೋದರೆ ಮುಂದಿನ ತಲೆಮಾರುಗಳು ಸೇರಿಸಿದ ಅಂಕಣ, ಮಹಡಿ, ಮೆಟ್ಟಿಲುಗಳನ್ನೆಲ್ಲ ಕಿತ್ತೆಸೆಯಬೇಕಾಗುತ್ತದೆ, ಮತ್ತು ಅವುಗಳ ಜಾಗದಲ್ಲಿ ಏನಿತ್ತೆಂಬುದು ಊಹೆಯ ವಿಷಯವಾಗುತ್ತದೆ. ಸ್ಮಾರಕಗಳ ಸಂರಕ್ಷಣೆಗೆಂದು ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಊಹೆ ಆರಂಭವಾಗುವ ಕಡೆ ಪುನರುದ್ಧಾರ ನಿಲ್ಲಬೇಕು. ಬೇರೆ ಬೇರೆ ಕಾಲದ ಸೇರ್ಪಡೆಗಳನ್ನು ಗೌರವಿಸಬೇಕೆಂದೂ, ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಿಕೊಂಡಿದ್ದರೂ ಗಮನಿಸಿ ನೋಡಿದವರಿಗೆ ಹೊಸದೆಂದು ತಿಳಿಯುವಂತಿರಬೇಕೆಂದೂ ಅದು ಹೇಳುತ್ತದೆ.

ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿರುವ, 18ನೆಯ ಶತಮಾನದ ಡ್ರೇಟನ್ ಹಾಲ್ ಈ ತತ್ವವನ್ನು ತುದಿಯವರೆಗೆ ಒಯ್ದ ಮನೆ. 1974ರಲ್ಲಿ ಅದು ಅಲ್ಲಿನ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟಿನ ಕೈಗೆ ಬಂದಾಗ, ಅದನ್ನು ಸಿಂಗರಿಸದೆ ಸಿಕ್ಕ ಸ್ಥಿತಿಯಲ್ಲೇ ಗಟ್ಟಿಮಾಡಿ ಉಳಿಸುವ ನಿರ್ಧಾರವಾಯಿತು. ಅದರ ಕೋಣೆಗಳಲ್ಲಿ ಪೀಠೋಪಕರಣವಿಲ್ಲ, ಬಣ್ಣ ಮಾಸಿದ ಹಲಗೆಗಳು ಹಾಗೆಯೇ ಇವೆ. ಎಲ್ಲ ಮನೆಗೂ ಇದು ಹೊಂದದಿರಬಹುದು. ಆದರೂ ಏನನ್ನೂ ಹೊಸದಾಗಿ ಸೃಷ್ಟಿಸದಿರುವುದೂ ಒಂದು ಗೌರವದ ಆಯ್ಕೆ ಎಂಬುದನ್ನು ಸಮಿತಿ ಒಮ್ಮೆಯಾದರೂ ಚರ್ಚಿಸಬೇಕು. ಚರ್ಚೆ ಮುಗಿದ ಮೇಲೆ, ಈ ಮನೆಯಲ್ಲಿ ಯಾವುದು ಮುಖ್ಯ, ಯಾಕೆ ಮುಖ್ಯ, ಯಾವುದನ್ನು ಮುಟ್ಟಬಾರದು ಎಂಬುದನ್ನು ಎರಡು ಮೂರು ಪುಟಗಳಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಮುಂದಿನ ಎಷ್ಟೋ ವಾದಗಳು ಹುಟ್ಟುವ ಮೊದಲೇ ಮುಗಿಯುತ್ತವೆ.

ಇದೇ ಹೊತ್ತಿನಲ್ಲಿ ಮನೆಯ ಮುಂದಿನ ಬಳಕೆಯನ್ನೂ ನಿರ್ಧರಿಸಬೇಕು. ವಸ್ತುಸಂಗ್ರಹಾಲಯ ಎಂಬುದು ಎಲ್ಲರ ಬಾಯಲ್ಲೂ ಮೊದಲು ಬರುವ ಉತ್ತರ, ಆದರೆ ಅದಕ್ಕೆ ಸಿಬ್ಬಂದಿ, ಕಾವಲು, ನಿತ್ಯದ ಖರ್ಚು ಬೇಕು, ಮತ್ತು ಸಣ್ಣ ಊರುಗಳಲ್ಲಿ ಇಂಥವು ಕೆಲವೇ ವರ್ಷಗಳಲ್ಲಿ ಬೀಗ ಕಾಣುವುದು ಅಪರೂಪವಲ್ಲ. ಗ್ರಂಥಾಲಯ, ಸಂಗೀತ ಪಾಠ, ಸಭೆ, ಸಣ್ಣ ಕಚೇರಿ, ಒಂದು ಭಾಗದಲ್ಲಿ ವಾಸ ಎಂಬಂಥ ಬೆರಕೆಯ ಬಳಕೆ ಮನೆಯನ್ನು ಚೆನ್ನಾಗಿ ಕಾಯುತ್ತದೆ. ಬಳಕೆಯು ಮನೆಗೆ ಹೊಂದಬೇಕೇ ಹೊರತು ಬಳಕೆಗಾಗಿ ಗೋಡೆ ಒಡೆಯುವಂತಾಗಬಾರದು. ಶೌಚಾಲಯ, ಅಡುಗೆಮನೆಗಳಂಥ ನೀರಿನ ಸೌಕರ್ಯಗಳನ್ನು ಸಾಧ್ಯವಿದ್ದರೆ ಪ್ರತ್ಯೇಕ ಕಟ್ಟಡದಲ್ಲಿ ಮಾಡಿಕೊಳ್ಳುವುದು ಕ್ಷೇಮ.

ಸುಣ್ಣ, ಮರ ಮತ್ತು ಸಿಮೆಂಟು

ಇಂದಿನ ಸಾಮಾನ್ಯ ಸಿಮೆಂಟಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಎಲ್ಲೆಡೆ ಬಳಕೆಗೆ ಬರುವವರೆಗೆ ಮನೆಗಳನ್ನು ಕಟ್ಟುತ್ತಿದ್ದುದು ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಅಥವಾ ಮಣ್ಣಿನಲ್ಲಿ. ಆ ಗೋಡೆಗಳು ಮಳೆಯಲ್ಲಿ ಸ್ವಲ್ಪ ತೇವ ಹೀರಿಕೊಂಡು, ಬಿಸಿಲು ಬಂದಾಗ ಅದನ್ನು ಹೊರಬಿಡುತ್ತವೆ. ಅಂಥ ಗೋಡೆಗೆ ಸಿಮೆಂಟಿನ ಗಿಲಾವು ಬಳಿದರೆ ಕೂದಲೆಳೆಯ ಬಿರುಕುಗಳಿಂದ ಒಳಹೋದ ನೀರು, ನೆಲದಿಂದ ಮೇಲೇರಿದ ತೇವ ಎರಡೂ ಹೊರಬರಲು ದಾರಿ ಕಾಣದೆ ಒಳಗೇ ನಿಲ್ಲುತ್ತವೆ. ನೀರಿನಲ್ಲಿ ಕರಗಿದ ಉಪ್ಪು ಇಟ್ಟಿಗೆಯ ಮೈಯಲ್ಲಿ ಹರಳುಗಟ್ಟಿ ಹಿಗ್ಗಿ, ಇಟ್ಟಿಗೆಯೇ ಪುಡಿಯಾಗಿ ಉದುರುತ್ತದೆ. ಸಂದುಗಳಿಗೆ ಸಿಮೆಂಟು ತುಂಬಿದ ಗೋಡೆಯಲ್ಲಿ ಸಂದು ಗಟ್ಟಿಯಾಗಿ ಉಳಿದು ಅದರ ಸುತ್ತಲಿನ ಇಟ್ಟಿಗೆ ಗುಳಿಬಿದ್ದಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು, ಸವೆಯುವುದಿದ್ದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಹಳೆಯ ಗಾರೆಯ ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸುಣ್ಣ, ಮರಳುಗಳ ಪ್ರಮಾಣ ತಿಳಿಯುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು ಎಂಬುದು ಸಾಮಾನ್ಯವಾಗಿ ಕಾಣುವ ಅಳತೆ, ಆದರೆ ಗೋಡೆಯಿಂದ ಗೋಡೆಗೆ ಅದು ಬದಲಾಗುತ್ತದೆ. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ಆದ್ದರಿಂದ ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟು, ತೆಳುವಾದ ಪದರಗಳಲ್ಲಿ, ಒಂದು ಪದರ ಬಿಗಿಯಾದ ಮೇಲೆ ಇನ್ನೊಂದನ್ನು ಹಚ್ಚಬೇಕು. ಗುತ್ತಿಗೆದಾರರು ಈ ನಿಧಾನವನ್ನು ಸಹಿಸದೆ, ಬೇಗ ಬಿಗಿಯಲೆಂದು ಗಾರೆಗೆ ಒಂದು ಬೊಗಸೆ ಸಿಮೆಂಟು ಸೇರಿಸುವುದುಂಟು. ಕರಾರಿನಲ್ಲಿ ಇದನ್ನು ಸ್ಪಷ್ಟವಾಗಿ ನಿಷೇಧಿಸಿ, ಕಲಸುವ ಜಾಗದಲ್ಲಿ ಸಮಿತಿಯ ಒಬ್ಬರು ಇರುವಂತೆ ನೋಡಿಕೊಳ್ಳಬೇಕು. ಯಾವುದೇ ಕೆಲಸಗಾರರಿಗೆ ಇಡೀ ಗೋಡೆ ಒಪ್ಪಿಸುವ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚದರ ಮೀಟರಿನಷ್ಟು ಮಾದರಿ ಮಾಡಿಸಿ, ಕೆಲವು ವಾರ ನೋಡಿ, ಆಮೇಲೆ ಒಪ್ಪಿಗೆ ಕೊಡುವುದು ಎಲ್ಲರಿಗೂ ಕ್ಷೇಮ.

ಮರದ ವಿಷಯದಲ್ಲಿ ಶೇ. 20 ಎಂಬ ಅಂಕಿ ನೆನಪಿನಲ್ಲಿರಲಿ. ಮರದ ತೇವಾಂಶ ಅದಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ನೆಲೆ ಸಿಗುವುದು ಕಷ್ಟ, ಮೇಲಿದ್ದರೆ ಅಪಾಯ ಶುರು. ತೇವಾಂಶ ಅಳೆಯುವ ಸಣ್ಣ ಉಪಕರಣವೊಂದನ್ನು ಸಮಿತಿಯೇ ಕೊಂಡಿಟ್ಟುಕೊಳ್ಳಬಹುದು. ತೊಲೆಗಳು ಮೊದಲು ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ, ಹೊರಗಿನಿಂದ ನೋಡಿದರೆ ತಿಳಿಯದು. ಚೂಪಾದ ದಬ್ಬಳವನ್ನು ಗೋಡೆಗೆ ತಾಗಿದ ಕಡೆ ಒತ್ತಿ ನೋಡಬೇಕು. ಗಟ್ಟಿ ಮರ ಅದನ್ನು ತಡೆಯುತ್ತದೆ, ಕೊಳೆತ ಮರದಲ್ಲಿ ಅದು ಸದ್ದಿಲ್ಲದೆ ಇಳಿಯುತ್ತದೆ. ತುದಿ ಕೊಳೆತಿದೆಯೆಂದು ಇಡೀ ತೊಲೆಯನ್ನು ಬದಲಿಸಬೇಕಿಲ್ಲ. ಕೊಳೆತಷ್ಟನ್ನು ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ಮರದ ತುಂಡನ್ನು ಓರೆ ಬೆಸುಗೆಯಲ್ಲಿ ಜೋಡಿಸಬಲ್ಲ ಬಡಗಿಗಳು ಇನ್ನೂ ಇದ್ದಾರೆ. ಅವರನ್ನು ಹುಡುಕಿ, ಒಳ್ಳೆಯ ಕೂಲಿ ಕೊಟ್ಟು, ಜೊತೆಗೆ ಇಬ್ಬರು ಕಿರಿಯರನ್ನು ಕಲಿಯಲು ಬಿಡಬೇಕು. ಕಿಟಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಕೆಳಗಿನ ಅಡ್ಡಪಟ್ಟಿ ಹಾಳಾದರೆ ಅದನ್ನಷ್ಟೇ ಬದಲಿಸಿ, ಹಳೆಯ ಅಗುಳಿ, ಸರಳು, ಗಾಜುಗಳನ್ನು ಮತ್ತೆ ಜೋಡಿಸಬಹುದು.

ಸ್ವಯಂಸೇವಕರು ಮತ್ತು ಬೆಂಕಿ

ಶ್ರಮದಾನಕ್ಕೆ ಬಂದವರಿಗೆ ಕೊಡಬಹುದಾದ ಕೆಲಸ ಬಹಳಷ್ಟಿದೆ. ಹೆಂಚುಗಳನ್ನು ತೊಳೆದು ಒಡೆದದ್ದನ್ನು ಬೇರ್ಪಡಿಸುವುದು, ಬಿಚ್ಚಿದ ಮರಮುಟ್ಟುಗಳಿಗೆ ಸಂಖ್ಯೆಯ ಚೀಟಿ ಕಟ್ಟುವುದು, ತೋಟ ಶುಚಿ ಮಾಡುವುದು, ಒಳಗೋಡೆಗೆ ಸುಣ್ಣ ಬಳಿಯುವುದು, ಲೆಕ್ಕ ಬರೆಯುವುದು ಎಲ್ಲವೂ ಅವರಿಂದ ಆಗುತ್ತದೆ. ಮಾಡಿನ ಮೇಲೆ ಹತ್ತುವುದು, ಭಾರ ಹೊತ್ತ ಗೋಡೆಯನ್ನು ಮುಟ್ಟುವುದು, ವಿದ್ಯುತ್ ಕೆಲಸ ಮತ್ತು ಹಳೆಯ ಬಣ್ಣ ಕೆರೆಯುವುದು ಅವರಿಗೆ ಬೇಡ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು, ಕೆರೆದಾಗ ಏಳುವ ಧೂಳು ವಿಶೇಷವಾಗಿ ಮಕ್ಕಳಿಗೆ ವಿಷ. ಪರೀಕ್ಷೆ ಮಾಡಿಸದೆ ಉಜ್ಜುಕಾಗದ ಹಿಡಿಯಬಾರದು.

ದುರಸ್ತಿಯ ಕಾಲದಲ್ಲೇ ಬೆಂಕಿಯ ಅಪಾಯ ಅತಿ ಹೆಚ್ಚು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇಂಗ್ಲೆಂಡಿನ ಅಪ್‌ಪಾರ್ಕ್ ಎಂಬ ಮನೆಯ ಮಾಡಿನ ದುರಸ್ತಿ ಇನ್ನೇನು ಮುಗಿಯಿತು ಎನ್ನುವಾಗ, 1989ರ ಆಗಸ್ಟ್ 30ರಂದು, ಮಾಡಿನ ಸೀಸದ ತಗಡಿಗೆ ಬೆಸುಗೆ ಹಾಕುತ್ತಿದ್ದ ಕಡೆಯಿಂದ ಹೊತ್ತಿದ ಬೆಂಕಿ ಮೇಲಿನ ಅಂತಸ್ತುಗಳನ್ನು ನುಂಗಿತು. ಕೆಳ ಅಂತಸ್ತಿನ ಚಿತ್ರಪಟಗಳನ್ನೂ ಪೀಠೋಪಕರಣಗಳನ್ನೂ ಸಿಬ್ಬಂದಿ ಮತ್ತು ಅಗ್ನಿಶಾಮಕ ದಳದವರು ಹೊರಗೆ ಸಾಗಿಸಿದ್ದರಿಂದ ಬಹುಪಾಲು ಉಳಿಯಿತು, ಮನೆ ಮತ್ತೆ ತೆರೆದದ್ದು 1995ರಲ್ಲಿ. ಬೆಸುಗೆ, ಬ್ಲೋಲ್ಯಾಂಪುಗಳಂಥ ಕೆಲಸಕ್ಕೆ ದಿನದಿನವೂ ಲಿಖಿತ ಅನುಮತಿ ಕೊಡುವ ಪದ್ಧತಿ ಇರಬೇಕು, ಪಕ್ಕದಲ್ಲಿ ಬೆಂಕಿ ನಂದಿಸುವ ಸಾಧನ ಇರಬೇಕು, ಕೆಲಸ ನಿಂತ ಮೇಲೂ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾವಲಿರಬೇಕು. ದಿನದ ಕೆಲಸದ ಕೊನೆಯ ಗಂಟೆಯಲ್ಲಿ ಇಂಥ ಕೆಲಸ ಬೇಡವೇ ಬೇಡ. ಹಳೆಯ ವಿದ್ಯುತ್ ತಂತಿಗಳನ್ನು ಪೂರ್ತಿ ತೆಗೆಸಿ, ಗೋಡೆ ಕೊರೆಯದೆ ಮೇಲ್ಮೈಯಲ್ಲೇ ಹೊಸ ತಂತಿ ಎಳೆಸಿದರೆ, ಮುಂದೆ ಬೇಕಾದಾಗ ಗುರುತಿಲ್ಲದಂತೆ ತೆಗೆಯಲೂಬಹುದು.

ಹಣ

ಇಡೀ ಮನೆಗೆ ಒಂದೇ ದೊಡ್ಡ ಮೊತ್ತವನ್ನು ಗುರಿಯಾಗಿಟ್ಟರೆ ಅದು ಕೈಗೂಡುವ ಹೊತ್ತಿಗೆ ಮಾಡು ಬಿದ್ದಿರುತ್ತದೆ. ಕೆಲಸವನ್ನು ಹಂತಗಳಾಗಿ ಒಡೆದು, ಒಂದೊಂದು ಹಂತವೂ ತನ್ನಷ್ಟಕ್ಕೆ ಪೂರ್ತಿಯಾಗುವಂತೆ ಯೋಜಿಸಬೇಕು: ಮಾಡು ಮತ್ತು ನೀರಿನ ದಾರಿ, ಆಮೇಲೆ ಗೋಡೆ ಮತ್ತು ತೊಲೆ, ಆಮೇಲೆ ಬಾಗಿಲು ಕಿಟಕಿ, ಕೊನೆಗೆ ಬಣ್ಣ. ಹಳೆಯ ಕಟ್ಟಡದಲ್ಲಿ ಗಿಲಾವು ಕೆತ್ತಿದ ಮೇಲಷ್ಟೇ ಕಾಣುವ ಸಮಸ್ಯೆಗಳು ಇದ್ದೇ ಇರುತ್ತವೆ, ಆದ್ದರಿಂದ ಅಂದಾಜಿನ ಮೇಲೆ ಶೇ. 15ರಿಂದ 20ರಷ್ಟು ಹೆಚ್ಚುವರಿ ಮೀಸಲಿಡುವುದು ವಿವೇಕ. ಪ್ರತಿ ಹಂತದ ಜಮಾಖರ್ಚನ್ನು ಮನೆಯ ಮುಂದೆಯೇ ಅಂಟಿಸಿದರೆ, ದೇಣಿಗೆಯ ಮನವಿಪತ್ರಕ್ಕಿಂತ ಹೆಚ್ಚು ಕೆಲಸ ಅದು ಮಾಡುತ್ತದೆ.

ಕೆಲಸ ಮುಗಿದ ಮೇಲಿನ ವರ್ಷಗಳು

ಉದ್ಘಾಟನೆಯ ಮಾರನೆಯ ದಿನದಿಂದ ಸಮಿತಿಯ ಸಭೆಗೆ ಬರುವವರು ಕಡಿಮೆಯಾಗುತ್ತಾರೆ, ಇದು ಎಲ್ಲ ಕಡೆಯೂ ಇದ್ದದ್ದೇ. ಹಾಗಾಗಿ ಸಂಗ್ರಹವಾದ ಹಣದ ಒಂದು ಭಾಗವನ್ನು ಮೊದಲೇ ನಿರ್ವಹಣಾ ನಿಧಿಯೆಂದು ಠೇವಣಿಯಿಟ್ಟು, ಅದರ ಬಡ್ಡಿಯನ್ನಷ್ಟೇ ಬಳಸುವ ನಿಯಮ ಮಾಡಿಕೊಳ್ಳಬೇಕು. ಮಳೆಗಾಲಕ್ಕೆ ಮೊದಲು ಮತ್ತು ನಂತರ ದೋಣಿ, ಕೊಳವೆ, ಹೆಂಚುಗಳ ತಪಾಸಣೆ ನಡೆಯಬೇಕು. ಜೋರು ಮಳೆ ಸುರಿಯುತ್ತಿರುವಾಗಲೇ ಒಬ್ಬರು ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬಂದು, ಅಟ್ಟವನ್ನೂ ಹತ್ತಿ ನೋಡಿದರೆ ನೀರು ಎಲ್ಲಿ ತಪ್ಪಿ ಹರಿಯುತ್ತಿದೆ ಎಂಬುದು ಆಗಲೇ ಕಾಣುತ್ತದೆ. ಒಣಗಿದ ಮೇಲೆ ಕಲೆ ನೋಡಿ ಊಹಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಗೆದ್ದಲಿನ ಸುರಂಗಗಳಿಗಾಗಿ ಗೋಡೆಯ ಬುಡ ಮತ್ತು ತೊಲೆಯ ತುದಿಗಳನ್ನು ವರ್ಷಕ್ಕೆ ಎರಡು ಸಲವಾದರೂ ನೋಡಬೇಕು.

ಇವೆಲ್ಲವನ್ನೂ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಬೇಕು: ಯಾವ ಹೆಂಚು ಬದಲಾಯಿತು, ಯಾವ ಗೋಡೆಗೆ ಯಾವ ಪ್ರಮಾಣದ ಗಾರೆ ಹಚ್ಚಲಾಯಿತು, ಕೆಲಸ ಮಾಡಿದವರು ಯಾರು, ಸುಣ್ಣ ಎಲ್ಲಿಂದ ಬಂತು. ನಕ್ಷೆಗಳ, ಚಿತ್ರಗಳ, ಕರಾರುಗಳ ಒಂದು ಪ್ರತಿ ಮನೆಯಲ್ಲೂ ಇನ್ನೊಂದು ಬೇರೆ ಕಟ್ಟಡದಲ್ಲೂ ಇರಲಿ. ಪದಾಧಿಕಾರಿಗಳು ಬದಲಾಗುವ ದಿನ ಹಳಬರು ಹೊಸಬರನ್ನು ಕರೆದುಕೊಂಡು ಅಟ್ಟದಿಂದ ಚರಂಡಿಯವರೆಗೆ ಮನೆಯನ್ನು ನಡೆದು ತೋರಿಸಿ, ಬೀಗದಕೈಗಳ ಜೊತೆ ಆ ಪುಸ್ತಕವನ್ನೂ ಸಹಿ ಪಡೆದು ಒಪ್ಪಿಸಬೇಕು.